ಮೇಸ್ತ್ರಿಯ ಮೆತ್ತೆ

ನನಗೆ ಸಿಟ್ಟು ಬರುವುದೇ ಇಲ್ಲ. (ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ.) ಆದರೆ ಹತ್ತಿ ಹಿಂಜುವಾಗ ಯಾರಾದರೂ ಖರ್ಚಿನ ಮಾತೆತ್ತಿದರೆ ತಲೆ ಕೆಡುತ್ತದೆ.

ನಾನು ಹಾಸಿಗೆ ಹೊಲಿಯುವವನು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದಾಗ ಕೋಣೆ ತುಂಬ ಬಿಳಿ ಎಳೆಗಳು ತೇಲುತ್ತವೆ. ಮೋಡದೊಳಗೆ ಅಂಗಡಿ ಇಟ್ಟ ಹಾಗೆ. ಆ ಮೋಡದ ಅಂಚಿನಲ್ಲಿ ನಮ್ಮ ಬೆಕ್ಕು ಅರೆಗಣ್ಣು ಮುಚ್ಚಿ ನನ್ನ ಕೆಲಸದ ಉಸ್ತುವಾರಿ ನೋಡುತ್ತದೆ. ಅದಕ್ಕೇ ಅದಕ್ಕೆ ಮೇಸ್ತ್ರಿ ಎಂದು ಹೆಸರು.

“ರೀ, ಮೇಸ್ತ್ರಿಗೆ ವಯಸ್ಸಾಯ್ತು. ನಾಳೆ ಏನಾದ್ರೂ ಆದ್ರೆ ಯಾವ ಡಾಕ್ಟ್ರ ಹತ್ರ ಓಡ್ತೀರಿ? ಈಗ್ಲೇ ಹುಡುಕಿಡಿ. ನಾಲ್ಕು ಕಾಸೂ ಎತ್ತಿಡಿ,” ಎಂದಳು ಹೆಂಡತಿ.

“ನನಗೇ ಡಾಕ್ಟ್ರಿಲ್ಲ, ಬೆಕ್ಕಿಗೊಬ್ಬ ಡಾಕ್ಟ್ರಾ?” ಎಂದು ಗುಡುಗಿದೆ. ಹತ್ತಿ ಹಾರಿತು. ಮೇಸ್ತ್ರಿ ಒಂದು ಕಿವಿ ಮಡಚಿತು, ಅಷ್ಟೇ.

ಆ ಮಡಚಿದ ಕಿವಿ ನನ್ನ ಎದೆಗೆ ನಾಟಿತು. ಮೇಸ್ತ್ರಿಯೇ ಇಲ್ಲದಿದ್ದರೆ ನನ್ನ ಹೊಲಿಗೆಯನ್ನು ನೋಡುವವರು ಯಾರು? ಗುಟ್ಟಾಗಿ ಒಂದು ಪುಟ್ಟ ಮೆತ್ತೆ ಹೊಲಿದೆ. ಬ್ಯಾಂಕಿಗಿಂತ ನನಗೆ ಹತ್ತಿಯ ಮೇಲೆ ನಂಬಿಕೆ. ಹಾಸಿಗೆಯೊಂದನ್ನು ಮಾರಿದಾಗಲೆಲ್ಲ ಮೆತ್ತೆಯೊಳಗೆ ಒಂದು ನೋಟು. ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ಅವಳ ಮಾತು ಕೇಳಿದೆನೆಂಬ ಅಪಕೀರ್ತಿ!

ಡಾಕ್ಟರ ಅನ್ವೇಷಣೆಗೂ ಹೊರಟೆ. ಒಬ್ಬರು ಹಸು ಎಮ್ಮೆ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಇನ್ನೊಬ್ಬರು ನನಗಿಂತ ಜೋರಾಗಿ ಕಿರುಚಿದರು. ಒಂದೇ ಕೋಣೆಯಲ್ಲಿ ಎರಡು ಗುಡುಗು ಹಿಡಿಸುವುದಿಲ್ಲ. ಕೊನೆಗೆ ಸಿಕ್ಕವರು ಒಬ್ಬ ಡಾಕ್ಟರಮ್ಮ. ಅವರು ಮೈದಡವಿದರೆ ಕಚ್ಚುವ ನಾಯಿಯೂ ಆಕಳಿಸುತ್ತಿತ್ತು. ಒಪ್ಪಿದೆ. ಆದರೆ ಕಾಯುವವರಿಗೆ ಹಾಕಿದ ಬೆಂಚು ಬರೀ ಹಲಗೆ! ಹಾಸಿಗೆಯವನ ಸೊಂಟ ಅದನ್ನು ಸಹಿಸೀತೇ? ಮನೆಗೆ ಬಂದು ಊಟ ಮಾಡುತ್ತಾ ಬೈದೆ, ಕೈ ತೊಳೆಯುತ್ತಾ ಬೈದೆ, ಮರುದಿನವೂ ಬೈದೆ.

“ಅಯ್ಯೋ, ಆ ಹಲಗೆ ಪುರಾಣ ನಿಲ್ಲಿಸಿ! ನಾನೇ ಏನಾದ್ರೂ ಮಾಡ್ತೀನಿ,” ಎಂದಳು ಹೆಂಡತಿ.

ಅದಾದ ಮೇಲೆ ಮೇಸ್ತ್ರಿ ಒಂದು ದಿನ ತಟ್ಟೆಗೆ ಮೂಗು ತಾಗಿಸಿ ಹಿಂದೆ ಸರಿಯಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ದಿಂಬಿನ ಚೀಲದಲ್ಲಿ ಅದನ್ನು ಎದೆಗವಚಿಕೊಂಡು ಓಡಿದೆ.

ಬೆಂಚಿನ ಮೇಲೆ ಈಗ ಒಂದು ನೀಲಿ ಮೆತ್ತೆ. ಗಾಬರಿಯಲ್ಲೂ ಕೈ ಹೊಲಿಗೆಯನ್ನು ಸವರಿತು: ಯಾರೋ ಕಸುಬು ಬಲ್ಲವನ ಕೆಲಸ. ಆದರೆ ಕೂತರೆ ಒಳಗೆ ಸರಸರ ಸದ್ದು. ಹತ್ತಿಗೆ ಒಣಗಿದ ಎಲೆ ಬೆರೆಸಿದ್ದಾನೆ ಕಳ್ಳ ಎಂದು ಮನಸ್ಸಿನಲ್ಲೇ ಶಪಿಸಿದೆ.

ಡಾಕ್ಟರಮ್ಮ ಮೇಸ್ತ್ರಿಯ ಹಲ್ಲಿನ ಸಂದಿಯಿಂದ ಚಿಮುಟದಲ್ಲಿ ಒಂದು ದಾರ ಎಳೆದರು. ನನ್ನದೇ ದಾರ. ಮೇಸ್ತ್ರಿ ‘ಮ್ಯಾವ್’ ಎಂದಿತು. ನನಗೆ ಅಳು ಬಂತು. (ಕಣ್ಣಿಗೆ ಹತ್ತಿ ಬಿದ್ದಿತ್ತು ಎಂದಿಟ್ಟುಕೊಳ್ಳಿ.)

“ಫೀಸೆಷ್ಟು ತಾಯಿ? ಮನೇಲಿ ಇಟ್ಟಿದೀನಿ, ಓಡಿಹೋಗಿ ತರ್ತೀನಿ.”

“ಇವತ್ತಿಗೆ ಬೇಡಿ. ನಿಮ್ಮ ಮನೆಯವ್ರು ಹೊಸ ನೀಲಿ ಹೊದಿಕೆ ಹಾಕಿ ಆ ಮೆತ್ತೆ ತಂದುಕೊಟ್ರಲ್ಲ, ಅದೇ ಸಾಕು.”

ತಿರುಗಿ ನೋಡಿದೆ. ಕರುವಿನಷ್ಟು ದೊಡ್ಡ ನಾಯಿಯೊಂದು ನನ್ನ ಖಜಾನೆಯ ಮೇಲೆ ಮೈಚೆಲ್ಲಿ ಗೊರಕೆ ಹೊಡೆಯುತ್ತಿತ್ತು.

“ಎಂಥಾ ದೊಡ್ಡ ಮನಸ್ಸು!” ಎಂದಳು ಸರದಿಗೆ ಕಾಯುತ್ತಿದ್ದ ಒಬ್ಬ ಮುದುಕಿ.

“ಕೊಟ್ಟಿದ್ದನ್ನ ವಾಪಸ್ ಕೇಳೋ ವಂಶ ಅಲ್ಲ ನಮ್ದು!” ಎಂದು ಎದೆಯುಬ್ಬಿಸಿದೆ. (ಯಾರೂ ಕೇಳಿರಲಿಲ್ಲ.)

ಮನೆಯಲ್ಲಿ ಹಾರಾಡಿದೆ. ಹೆಂಡತಿ ಎಲ್ಲ ಕೇಳಿ ಸೆರಗು ಬಾಯಿಗಿಟ್ಟು ನಕ್ಕಳು.

“ಆ ದುಡ್ಡು ಎಲ್ಲಿಗೆ ಹೋಗ್ಬೇಕಿತ್ರೀ? ಡಾಕ್ಟ್ರಿಗೆ ತಾನೆ? ಹೋಯ್ತು ಬಿಡಿ!”

ಈಗ ವಾರಕ್ಕೊಮ್ಮೆ ಗುಂಡುಗುಂಡಗಿರುವ ಮೇಸ್ತ್ರಿಯನ್ನು ತಪಾಸಣೆಗೆ ಒಯ್ಯುತ್ತೇನೆ, ಜೇಬಿನಲ್ಲಿ ಕತ್ತರಿ. ಮೆತ್ತೆಯ ಮೇಲೆ ಯಾರೂ ಇಲ್ಲದಿದ್ದರೆ ತಕ್ಷಣ ಕೂರುತ್ತೇನೆ. ಅಡಿಯಲ್ಲಿ ನೋಟುಗಳ ಸರಸರ, ತೊಡೆಯ ಮೇಲೆ ಮೇಸ್ತ್ರಿಯ ಗುರುಗುರು, ಕಿಟಕಿಯಲ್ಲಿ ಮಧ್ಯಾಹ್ನ. ಕತ್ತರಿ ತೆಗೆಯಬೇಕು, ಒಂದೇ ಒಂದು ಹೊಲಿಗೆ ಬಿಚ್ಚಿದರೆ ಸಾಕು... ಆದರೆ ನಾನು ಹೊಲಿದ ಮೆತ್ತೆಯ ಮೇಲೆ ಎಚ್ಚರವಾಗಿ ಕೂತವರು ಇಂದಿನವರೆಗೆ ಯಾರೂ ಇಲ್ಲ.

ಡಾಕ್ಟರಮ್ಮ ಮೆಲ್ಲಗೆ ಭುಜ ತಟ್ಟುತ್ತಾರೆ.

“ಏಳಿ. ಮೇಸ್ತ್ರಿ ಗಟ್ಟಿಮುಟ್ಟಾಗಿದೆ. ಫೀಸು?”