ಪ್ಲಾಸ್ಟಿಕ್ಕಿನೊಳಗಿನ ಇಂಜಿನಿಯರು

ನಲವತ್ತು ದಾಟಿದ ಗಂಡಸಿಗೆ ಪರೀಕ್ಷೆ ಇಡಬಾರದು ಎಂಬುದು ನನ್ನ ಬಹುದಿನದ ವಾದ. ಅವನ ಹೊಟ್ಟೆಯ ಬಗ್ಗೆ ಮಾತಾಡಿ, ಕೂದಲಿನ ಬಗ್ಗೆ ಮಾತಾಡಿ, ಬೇಕಾದರೆ ಮದುವೆ ಮನೆಯಲ್ಲಿ ಸಾರಿನ ಬಕೆಟ್ಟು ಕೊಟ್ಟು ಬಡಿಸಲು ಕಳಿಸಿ. ಆದರೆ ಕೈಗೆ ಪ್ರಶ್ನೆಪತ್ರಿಕೆ ಕೊಡಬೇಡಿ. ಇಂಜಿನಿಯರಿಂಗ್ ಕೊನೆಯ ಪರೀಕ್ಷೆ ಮುಗಿದ ದಿನ ಕಾಲೇಜಿನ ಹಿಂದಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದು, ಇನ್ನು ಈ ಜನ್ಮದಲ್ಲಿ ಹಾಲ್ ಟಿಕೆಟ್ ಮುಟ್ಟುವುದಿಲ್ಲ ಎಂದು ಗೆಳೆಯರೆದುರು ಶಪಥ ಮಾಡಿದವನು ನಾನು. ಇಪ್ಪತ್ತು ವರ್ಷ ಆ ಶಪಥವನ್ನು ಯಾವ ತೊಂದರೆಯೂ ಇಲ್ಲದೆ ಪಾಲಿಸಿಕೊಂಡು ಬಂದೆ. ಅದು ಮುರಿದದ್ದು ಕತಾರಿನಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ದೋಹಾದ ಒಂದು ಕನ್ಸಲ್ಟೆಂಟ್ ಕಚೇರಿಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಅಲ್ ಸದ್ದ್‌ನ ಮೂರನೇ ಮಹಡಿಯ ಫ್ಲಾಟಿನಲ್ಲಿ ನಾನು, ಹೆಂಡತಿ ವನಜ, ಏಳನೇ ಕ್ಲಾಸಿನ ಮಗಳು ಶಾಲಿನಿ. ಮೆಸಯೀದ್‌ನಲ್ಲಿ ನಾನು ಸಹಿ ಹಾಕಿದ ಗೋದಾಮುಗಳು ಬಿಸಿಲಿಗೆ ಜಗ್ಗದೆ ನಿಂತಿದ್ದವು. ನಾನು ಇಂಜಿನಿಯರು ಎಂಬ ಬಗ್ಗೆ ನನಗಾಗಲಿ ಗೋದಾಮುಗಳಿಗಾಗಲಿ ಸಂಶಯವಿರಲಿಲ್ಲ. ನನ್ನ ಬಾಕಿ ಎಲ್ಲದರ ಬಗ್ಗೆಯೂ ಸಂಶಯಪಡುವ ವನಜಳಿಗೂ ಇರಲಿಲ್ಲ.

ಹೀಗಿರುವಾಗ ಒಂದು ಶನಿವಾರ ನಮ್ಮ ಲೆಬನಾನಿನ ಮ್ಯಾನೇಜರು ನನ್ನ ಮೇಜಿನ ಮೇಲೆ ಒಂದು ಸುತ್ತೋಲೆ ಇಟ್ಟು, ಏನೂ ಹೇಳದೆ ಹೋದರು. ಏನೂ ಹೇಳದೆ ಹೋದಾಗಲೇ ನನಗೆ ಅಪಾಯದ ವಾಸನೆ ಬಡಿದಿತ್ತು. ಇನ್ನು ಮುಂದೆ ನಕ್ಷೆಗೆ ಸಹಿ ಹಾಕುವ ಪ್ರತಿಯೊಬ್ಬ ಇಂಜಿನಿಯರೂ ಸರ್ಕಾರಿ ಕಚೇರಿಯೊಂದರಲ್ಲಿ ನೋಂದಾಯಿಸಿಕೊಳ್ಳಬೇಕಂತೆ. ಅದಕ್ಕೆ ಡಿಗ್ರಿ ಸರ್ಟಿಫಿಕೇಟಿನ ಒರಿಜಿನಲ್ ಬೇಕು, ಅದರ ಬೆನ್ನಿಗೆ ಆ ಕಚೇರಿಯ ಮೊಹರು ಬೀಳಬೇಕು. ಐದೂ ವರ್ಷದ ಅಂಕಪಟ್ಟಿ ಬೇಕು, ಕೆಲಸ ಮಾಡಿದ ಎಲ್ಲ ಕಡೆಯಿಂದ ಅನುಭವದ ಪತ್ರ ಬೇಕು. ಇಷ್ಟೆಲ್ಲ ಒಪ್ಪಿಗೆಯಾದರೆ ಬಹುಮಾನವಾಗಿ ಒಂದು ಪರೀಕ್ಷೆ! ಬರವಣಿಗೆಯದು ಒಂದು, ಬಾಯಿಮಾತಿನದು ಇನ್ನೊಂದು. ನೋಂದಣಿ ಆಗದವನ ವೀಸಾದಲ್ಲಿ ಇಂಜಿನಿಯರ್ ಎಂಬ ಪದ ಹೋಗಿ ಟೆಕ್ನೀಶಿಯನ್ ಎಂದಾಗುತ್ತದೆ. ಟೆಕ್ನೀಶಿಯನ್ನನಿಗೆ ಫ್ಯಾಮಿಲಿ ವೀಸಾ ಇಲ್ಲ. ಅಂದರೆ ಎರಡು ತಿಂಗಳಲ್ಲಿ ನಮ್ಮ ವೀಸಾ ನವೀಕರಣಕ್ಕೆ ಬರುವ ಹೊತ್ತಿಗೆ ನಾನು ಪಾಸಾಗದಿದ್ದರೆ ವನಜ, ಶಾಲಿನಿ ಇಬ್ಬರೂ ಗಂಟುಮೂಟೆ ಕಟ್ಟಿ ಮೈಸೂರಿಗೆ ಹೋಗಬೇಕು, ನಾನು ಇಲ್ಲಿ ಒಂಟಿ.

ಪಿತ್ತ ನೆತ್ತಿಗೇರಿತು. ಇಪ್ಪತ್ತು ವರ್ಷ ಕಟ್ಟಿದವನನ್ನು ಕಟ್ಟಲು ಬರುತ್ತದೆಯೇ ಎಂದು ಕೇಳುವುದೇ? ನಿಂತ ಕಟ್ಟಡಕ್ಕಿಂತ ದೊಡ್ಡ ಅಂಕಪಟ್ಟಿ ಯಾವುದಿದೆ? ಈ ಭಾಷಣವನ್ನು ನಾನು ಮ್ಯಾನೇಜರ ಎದುರು ಮಾಡಲಿಲ್ಲ, ಡ್ರಾಫ್ಟ್ಸ್‌ಮನ್ ಖಾದರನ ಎದುರು ಮಾಡಿದೆ. ವಿಟ್ಲದ ಕಡೆಯ ಬ್ಯಾರಿ; ಹದಿನಾಲ್ಕು ವರ್ಷದಿಂದ ಅದೇ ಕಚೇರಿಯಲ್ಲಿ ಅದೇ ಬೋರ್ಡಿನ ಮುಂದೆ ಬಾಗಿ ನಿಂತವನು. ನಾನು ಒರಟಾಗಿ ಗೀಚಿ ಕೊಟ್ಟದ್ದನ್ನು ನಕ್ಷೆ ಮಾಡುವುದು ಅವನ ಕೆಲಸ, ಅವನು ಮಾಡಿದ ನಕ್ಷೆಗೆ ಸಹಿ ಹಾಕುವುದು ನನ್ನ ಕೆಲಸ. ಎದುರು ಮಾತಾಡದೆ ಕೇಳುವವರು ಕಚೇರಿಯಲ್ಲಿ ಅವನೊಬ್ಬನೇ ಇದ್ದುದರಿಂದ ನನ್ನ ಸಿಟ್ಟಿಗೆಲ್ಲ ಅವನೇ ವಾರಸುದಾರ.

"ಎಂತ ಮಾಡುದು ಸಾರ್, ಅವರ ದೇಶ, ಅವರ ರೂಲ್ಸ್," ಎಂದ ಖಾದರ್. "ಸರ್ಟಿಫಿಕೇಟ್ ಕೈಯಲ್ಲಿ ಉಂಟಲ್ಲ? ಮತ್ತೆಂತಕ್ಕೆ ಹೆದರಿಕೆ?"

ಸರ್ಟಿಫಿಕೇಟು ಕೈಯಲ್ಲಿತ್ತು. ಕಷ್ಟ ಅಲ್ಲೇ ಇದ್ದದ್ದು. ನಮ್ಮ ಮನೆಯಲ್ಲಿ ಆಯುಧಪೂಜೆ ಬಹಳ ಕಟ್ಟುನಿಟ್ಟು. ಮೈಸೂರು ಬಿಟ್ಟು ಬಂದ ಮೇಲೆ ವನಜಳ ಕಟ್ಟುನಿಟ್ಟು ಇನ್ನೂ ಹೆಚ್ಚಿತ್ತು. ಕಾರಿನ ಕೀ, ಹೊಲಿಗೆ ಯಂತ್ರ, ಈಳಿಗೆಮಣೆ, ಶಾಲಿನಿಯ ಜಾಮೆಟ್ರಿ ಬಾಕ್ಸು ಎಲ್ಲ ಸಾಲಾಗಿ ಮಣೆಯ ಮೇಲೆ ಬರುತ್ತಿದ್ದವು. ಮೊದಲ ವರ್ಷ ಅವಳು, "ರೀ, ನಿಮ್ಮ ಆಯುಧ ಎಲ್ರೀ?" ಎಂದು ಕೇಳಿದಳು. ಯೋಚಿಸಿದೆ. ಸ್ಕೇಲು ಹಿಡಿಯುವವನು ಖಾದರ್, ಕಂಪ್ಯೂಟರು ಕಚೇರಿಯದು, ಪೆನ್ನು ಒಂದು ವಾರಕ್ಕಿಂತ ಹೆಚ್ಚು ನನ್ನ ಬಳಿ ಉಳಿಯುವುದಿಲ್ಲ. ಕಡೆಗೆ ಬೀರುವಿನಿಂದ ಡಿಗ್ರಿ ಸರ್ಟಿಫಿಕೇಟು ತಂದಿಟ್ಟೆ. ಅವಳು ಭಕ್ತಿಯಿಂದ ಅರಿಶಿನ ಕುಂಕುಮ ಹಚ್ಚಿದಳು. ಕುಂಕುಮ ಸರಿಯಾಗಿ ಕುಲಪತಿಗಳ ಸಹಿಯ ಮೇಲೆ ಕೂತಿತು. ಮೂರು ವರ್ಷ ಹೀಗೇ ಪೂಜೆಯಾದ ಮೇಲೆ ಕಾಗದ ಹಾಳಾದೀತೆಂದು ನನಗೇ ದಿಗಿಲಾಗಿ, ಮನೆ ಕೆಳಗಿನ ಜೆರಾಕ್ಸ್ ಅಂಗಡಿಗೆ ಒಯ್ದು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಟ್ ಮಾಡಿಸಿದೆ. ಅಂಗಡಿಯ ಮಲಯಾಳಿ, "ಇನಿ ನೂರು ಕೊಲ್ಲಂ ಪೇಡಿಕ್ಕೇಂಡ ಸಾರೇ," ಎಂದು ಭರವಸೆ ಕೊಟ್ಟಿದ್ದ. ನೂರು ವರ್ಷ ಹೆದರಬೇಕಿಲ್ಲವಂತೆ. ಆವತ್ತು ನನಗಾದ ಸಂತೋಷ ಡಿಗ್ರಿ ಸಿಕ್ಕ ದಿನವೂ ಆಗಿರಲಿಲ್ಲ.

ನೋಂದಣಿ ಕಚೇರಿಯ ಕೌಂಟರಿನಲ್ಲಿ ಒಬ್ಬ ಗುಮಾಸ್ತನಿದ್ದ. ನನ್ನ ಸರ್ಟಿಫಿಕೇಟನ್ನು ಎತ್ತಿ ಬೆಳಕಿಗೆ ಹಿಡಿದ. ಕುಂಕುಮದ ಬೊಟ್ಟು ನೋಡಿ ಇದು ಯಾವ ಇಲಾಖೆಯ ಸೀಲು ಎಂದು ಕೇಳಿದ. ಗೃಹ ಇಲಾಖೆಯದು ಎನ್ನೋಣವೆನಿಸಿತು, ತಡೆದುಕೊಂಡೆ. ತಿರುಗಿಸಿ ಬೆನ್ನಿಗೆ ಮೊಹರು ಒತ್ತಿದ. ಹೆಬ್ಬೆರಳಿನಿಂದ ಒರೆಸಿದ. ಮೊಹರು ಪೂರ್ತಿ ಅವನ ಹೆಬ್ಬೆರಳಿಗೆ ಬಂತು.

"ಒರಿಜಿನಲ್?" ಎಂದ.

"ಇದೇ ಒರಿಜಿನಲ್," ಎಂದೆ ಇಂಗ್ಲಿಷಿನಲ್ಲಿ.

ಉಗುರಿನಿಂದ ಪ್ಲಾಸ್ಟಿಕ್ಕನ್ನು ಟಕ್ ಟಕ್ ಎಂದು ಕುಟ್ಟಿ ತೋರಿಸಿ, "ಒರಿಜಿನಲ್ ಮಾಫಿ. ಖಲಾಸ್," ಎಂದು ನನ್ನ ಹಿಂದಿನವನನ್ನು ಕರೆದ. ಒರಿಜಿನಲ್ ಇಲ್ಲವಂತೆ, ಮುಗಿಯಿತಂತೆ. ಮೊಹರು ಕಾಗದದವರೆಗೂ ತಲುಪದ ಇಂಜಿನಿಯರಾಗಿ ನಾನು ಹೊರಗೆ ಬಂದೆ.

ಇನ್ನೊಂದು ಪ್ರತಿ ತರಿಸೋಣವೆಂದು ಮೈಸೂರಿನ ಭಾವಮೈದುನನಿಗೆ ಫೋನು ಮಾಡಿದೆ. ಅವನು ವಿಶ್ವವಿದ್ಯಾನಿಲಯಕ್ಕೆ ಹೋಗಿ ವಿಚಾರಿಸಿ ಬಂದು, "ಭಾವ, ಕಳೆದುಹೋಗಿದೆ ಅಂತ ಪೊಲೀಸ್ ಕಂಪ್ಲೇಂಟ್ ಕೊಟ್ಟ ಕಾಪಿ ಬೇಕಂತೆ," ಎಂದ. ಕಳೆದುಹೋಗಿಲ್ಲವಲ್ಲೋ, ಬಹಳ ಚೆನ್ನಾಗಿ ಇದೆಯಲ್ಲೋ, ಅದೇ ತೊಂದರೆ ಎಂದು ಅರಚಿದೆ. ಚೆನ್ನಾಗಿ ಇರುವುದಕ್ಕೆ ಅವರಲ್ಲಿ ಅರ್ಜಿ ಫಾರಮ್ಮು ಇಲ್ಲವಂತೆ. ಅವನು ಕಳಿಸಿದ್ದು ಹಳೆಯ ಅಂಕಪಟ್ಟಿಗಳನ್ನು ಮಾತ್ರ. ಲಕೋಟೆಯನ್ನು ನನಗಿಂತ ಮೊದಲು ಒಡೆದವಳು ವನಜ. ಎರಡನೇ ವರ್ಷ ಸರ್ವೇಯಿಂಗಿನಲ್ಲಿ ನಾನು ಡುಮ್ಕಿ ಹೊಡೆದು, ಇನ್ನೊಮ್ಮೆ ಕೂತು ಪಾಸಾದ ಸಂಗತಿಯನ್ನು ಹದಿನಾರು ವರ್ಷ ಅವಳಿಂದ ಮುಚ್ಚಿಟ್ಟಿದ್ದೆ.

"ಅದಕ್ಕೇನಾ ನಮ್ಮ ಸೈಟು ಅಳೆದು ಪಕ್ಕದವರ ಬಾವೀನೂ ನಮ್ಮದೇ ಅಂದಿದ್ದು?" ಎಂದಳು. ಅಷ್ಟೇ. ಶಾಲಿನಿ ಮಾತ್ರ ಮೂರು ದಿನ ನನ್ನನ್ನು ಬಹಳ ಪ್ರೀತಿಯಿಂದ ನೋಡಿದಳು, ಅವಳ ಗಣಿತದ ರಿಪೋರ್ಟ್ ಕಾರ್ಡಿಗೆ ನಾನು ಸಹಿ ಹಾಕುವವರೆಗೆ.

ಒಂದು ತಿಂಗಳು ಹೀಗೇ ಕಳೆಯಿತು. ನನ್ನ ಸಿಟ್ಟು ಇಳಿದು ಅದರ ಅಡಿಯಲ್ಲಿದ್ದ ಭಯ ಕಾಣಿಸತೊಡಗಿತು. ವನಜ ಸದ್ದಿಲ್ಲದೆ ಮೈಸೂರಿನ ಶಾಲೆಗಳ ಬಗ್ಗೆ ತಮ್ಮನಿಗೆ ಕಾಗದ ಬರೆದಿದ್ದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಸರ್ಟಿಫಿಕೇಟನ್ನು ಖಾದರನ ಬೋರ್ಡಿನ ಮೇಲೆ ಎಸೆದು, "ಇದನ್ನ ಹರಿದು ಹಾಕಿ ಮಾರಾಯರೇ, ಇದರಿಂದ ಇನ್ನು ಏನೂ ಪ್ರಯೋಜನ ಇಲ್ಲ," ಎಂದೆ.

ಅವನು ಅದನ್ನು ಹಗುರವಾಗಿ ಎತ್ತಿಕೊಂಡು ಅಂಚು ಮುಟ್ಟಿ ನೋಡಿದ. ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನ ಗೆರೆ ತಪ್ಪಿದರೆ ನಮ್ಮ ಡ್ರಾಫ್ಟ್ಸ್‌ಮನ್‌ಗಳು ಅರ್ಧ ಮುರಿದ ಬ್ಲೇಡಿನಿಂದ ಗೆರೆಯನ್ನಷ್ಟೇ ಹೆರೆಯುತ್ತಾರೆ, ಹಾಳೆಗೆ ಗೊತ್ತೇ ಆಗಬಾರದು. ಖಾದರ್ ಆ ವಿದ್ಯೆಯಲ್ಲಿ ಪಳಗಿದವನು. ಅವನ ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಅರ್ಧ ಬ್ಲೇಡು ಯಾವಾಗಲೂ ಇರುತ್ತಿತ್ತು.

"ಇಡೀ ಪ್ಲಾಸ್ಟಿಕ್ ತೆಗಿಲಿಕ್ಕೆ ಹೋದ್ರೆ ಕಾಗದ ಬರ್ತದೆ ಸಾರ್. ಸೀಲಿಗೆ ಎಷ್ಟು ಜಾಗ ಬೇಕು? ನಾಲ್ಕು ಬೆರಳು? ಹಿಂದಿನಿಂದ ಅಷ್ಟೇ ತೆಗಿವ," ಎಂದ.

ಊಟದ ಬಿಡುವಿನಲ್ಲಿ ಕೆಲಸ ಶುರುವಾಯಿತು. ನಾಲ್ಕು ದಿನದ ಊಟದ ಬಿಡುವು ಹಿಡಿಯಿತು. ಖಾದರ್ ಉಸಿರು ಬಿಗಿಹಿಡಿದು ಹೆರೆಯುತ್ತಿದ್ದ, ನಾನು ಪಕ್ಕದಲ್ಲಿ ಕೂತು ಸರ್ಕಾರಗಳನ್ನು ಬೈಯುತ್ತಿದ್ದೆ. ನಡುವೆ ಅವನು ತಲೆ ಎತ್ತದೆ, "ಸಾರ್, ಹನ್ನೆರಡು ಇಂಚಿನ ಕಾಲಮ್ಮಿಗೆ ರಿಂಗ್ ಎಷ್ಟು ದೂರಕ್ಕೆ?" ಎಂದು ಕೇಳಿದ. ಕಂಬದ ಕಬ್ಬಿಣಕ್ಕೆ ಸುತ್ತುವ ರಿಂಗಿನ ಅಂತರ ನನಗೆ ತಟ್ಟನೆ ಹೊಳೆಯಲಿಲ್ಲ. ವರ್ಷಗಳಿಂದ ನಾನು ಸಹಿ ಹಾಕಿದ್ದೇ ಹೊರತು ಲೆಕ್ಕ ಮಾಡಿದ್ದು ಕಡಿಮೆ. ಅವನೇ ಹೇಳಿದ. ಹೀಗೆ ಹೆರೆಯುತ್ತ ಹೆರೆಯುತ್ತ ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದ, ಏಳಕ್ಕೆ ಅವನೇ ಉತ್ತರ ಹೇಳುತ್ತಿದ್ದ. "ಬಾಯಿ ಪರೀಕ್ಷೆಯಲ್ಲಿ ನಕ್ಷೆ ಕೊಡ್ತಾರಂತೆ ಸಾರ್. ಕೊಟ್ಟ ಕೂಡ್ಲೆ ಮೆಟ್ಟಿಲು ನೋಡಿ. ಇಂಜಿನಿಯರುಗಳೆಲ್ಲ ತಪ್ಪುವುದು ಅಲ್ಲೇ," ಎಂದ. ಕೊನೆಯ ಮಾತನ್ನು ನಾನು ಕೇಳಿಸಿಕೊಳ್ಳದವನಂತೆ ಇದ್ದೆ.

ಗುಮಾಸ್ತ ಆ ನಾಲ್ಕು ಬೆರಳಗಲದ ಬರಿ ಕಾಗದವನ್ನು ಮುಟ್ಟಿ ನೋಡಿ, ಒಂದು ಕ್ಷಣ ನನ್ನನ್ನೂ ನೋಡಿ, ಮೊಹರು ಒತ್ತಿದ. ಅಂಟಿಕೊಂಡಿತು. ಬರವಣಿಗೆಯ ಪರೀಕ್ಷೆ ಹೇಗೋ ದಾಟಿದೆ. ಬಾಯಿಮಾತಿನ ಪರೀಕ್ಷೆಯಲ್ಲಿ ಇಬ್ಬರು ಹಿರಿಯರು ಒಂದು ನಕ್ಷೆ ಹರಡಿ ತಪ್ಪು ಹುಡುಕಲು ಹೇಳಿದರು. ನಾನು ನೇರವಾಗಿ ಮೆಟ್ಟಿಲಿಗೆ ಹೋದೆ. ತಪ್ಪು ಅಲ್ಲೇ ಕೂತು ನನಗಾಗಿ ಕಾಯುತ್ತಿತ್ತು.

ನೋಂದಣಿ ಪತ್ರ ಬಂತು. ವೀಸಾ ಆಯಿತು. ಕಚೇರಿಗೆಲ್ಲ ವನಜ ಮಾಡಿದ ಮೈಸೂರು ಪಾಕು ಹಂಚಿದೆ. ಖಾದರನಿಗೆ ಎರಡು ತುಂಡು ಕೊಟ್ಟು, ಗೆದ್ದವನ ಗತ್ತಿನಲ್ಲಿ ನನ್ನ ಹಳೆಯ ಭಾಷಣವನ್ನು ಮತ್ತೆ ತೆಗೆದೆ. "ನೀವೇ ಹೇಳಿ ಖಾದರ್, ಒಂದು ಕಾಗದ ಇಲ್ಲ ಅಂತ ಹೆಂಡತಿ ಮಕ್ಕಳನ್ನ ಊರಿಗೆ ಅಟ್ಟೋದು ಅಂದ್ರೇನು? ಒಬ್ಬನೇ ಮನುಷ್ಯ ಹೇಗ್ರೀ ಬದುಕೋದು?"

ಅವನು ಬಾಯಲ್ಲಿದ್ದದ್ದನ್ನು ನುಂಗಿ, "ಅಭ್ಯಾಸ ಆಗ್ತದೆ ಸಾರ್," ಎಂದ.

ಅಣಕವಿರಲಿಲ್ಲ. ವಿಚಾರಿಸಿದವನಿಗೆ ಹೇಳಿದ ಉತ್ತರ, ಅಷ್ಟೇ. ಅವನ ಹೆಂಡತಿ ನಬೀಸಾ, ಮೂರು ಮಕ್ಕಳು ವಿಟ್ಲದಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ರಜೆ. ಎರಡು ತಿಂಗಳ ಕಾಲ ನಾನು ಯಾವುದಕ್ಕೆ ಹೆದರಿ ಕೂಗಾಡಿದ್ದೆನೋ ಅದರಲ್ಲಿ ಅವನು ಹದಿನಾಲ್ಕು ವರ್ಷ ಕಳೆದಿದ್ದ. ನನ್ನ ಕೂಗಾಟವನ್ನೂ ನಿಂತು ಕೇಳಿದ್ದ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಅವತ್ತೇ ಮ್ಯಾನೇಜರ ಬಳಿ ಹೋದೆ. ಖಾದರನನ್ನು ಅಸಿಸ್ಟೆಂಟ್ ಇಂಜಿನಿಯರ್ ಎಂದು ತೋರಿಸಿದರೆ ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕಬಹುದಲ್ಲ ಎಂದೆ. ಅವರು, "ನಕ್ಷೆಗೆ ಸಹಿ ಹಾಕದ ಅಸಿಸ್ಟೆಂಟಿಗೆ ನೋಂದಣಿ ಬೇಕಿಲ್ಲ. ನೋಂದಣಿಯಾದ ಇಂಜಿನಿಯರ್ ಒಬ್ಬರು ಇವನ ಯೋಗ್ಯತೆಗೆ ಜವಾಬ್ದಾರಿ ಹೊತ್ತು ಬರೆದುಕೊಟ್ಟರೆ ನಾನು ಕಳಿಸುತ್ತೇನೆ. ನೀವು ಈಗ ನೋಂದಣಿಯಾದವರಲ್ಲವೇ?" ಎಂದರು.

ಪತ್ರವನ್ನು ಅರ್ಧ ಗಂಟೆಯಲ್ಲಿ ಬರೆದೆ. ಸಹಿಯ ಜಾಗಕ್ಕೆ ಬಂದಾಗ ಕೈ ನಿಂತಿತು. ಜವಾಬ್ದಾರಿ ಎಂದರಲ್ಲ? ಇಷ್ಟು ಕಷ್ಟಪಟ್ಟು ಪಡೆದ ಹೊಸ ನೋಂದಣಿ. ನಾಳೆ ಯಾರಾದರೂ ಡಿಗ್ರಿಯಿಲ್ಲದವನಿಗೆ ಹೇಗೆ ಬರೆದುಕೊಟ್ಟಿರಿ ಎಂದರೆ? ನಾಳೆ ಹಾಕಿದರಾಯಿತು ಎಂದು ಡ್ರಾಯರಿನಲ್ಲಿಟ್ಟೆ. ಹಾಗೆ ಒಂದು ವಾರ ಹೋಯಿತು. ಕಡೆಗೆ ಖಾದರನನ್ನು ಕರೆದು, ಮುಖಕ್ಕೆ ಸಾಧ್ಯವಾದಷ್ಟು ಗಾಂಭೀರ್ಯ ತಂದುಕೊಂಡು, "ನಿಮ್ಮದು ಓದಿದ ದಾಖಲೆ ಏನಾದರೂ ಇದೆಯಾ? ಇದ್ದರೆ ನನಗೂ ಒಂದು ಆಧಾರ," ಎಂದೆ.

"ಐಟಿಐ ಮಾಡಿದ್ದು ಉಂಟಲ್ಲ ಸಾರ್," ಎಂದು ಮರುದಿನ ತಂದು ಕೊಟ್ಟ. ಡ್ರಾಫ್ಟ್ಸ್‌ಮನ್ ಸಿವಿಲ್, ಫಸ್ಟ್ ಕ್ಲಾಸು. ಯಾವ ಕಾಲದಲ್ಲೋ ಲ್ಯಾಮಿನೇಟ್ ಮಾಡಿಸಿದ್ದ, ಅಂಚೆಲ್ಲ ಹಳದಿಯಾಗಿತ್ತು. ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದೆ. ಉಗುರಿನಿಂದ ಕುಟ್ಟಿದೆ.

"ಒರಿಜಿನಲ್?" ಎಂದೆ.

ಖಾದರ್ ನನ್ನ ಮುಖವನ್ನು ಒಮ್ಮೆ ನೋಡಿದ. ಅಂಗಿಯ ಜೇಬಿಗೆ ಕೈಹಾಕಿ, ಕಾಗದದಲ್ಲಿ ಸುತ್ತಿದ ಅರ್ಧ ಬ್ಲೇಡನ್ನು ಹುಡುಕತೊಡಗಿದ. ಅವನಿಗೆ ಬ್ಲೇಡು ಸಿಗುವುದರೊಳಗೆ ನನಗೆ ಪೆನ್ನು ಸಿಕ್ಕರೆ ಸಾಕು ಎಂದು ನಾನೂ ನನ್ನ ಜೇಬುಗಳನ್ನೆಲ್ಲ ತಡಕಾಡಿದೆ.