ಫಸ್ಟ್ ಬೆಂಚು ತಪ್ಪು ಮಾಡಿದ ದಿನ

ಎಲ್ಲ ಗಲಾಟೆಗೂ ಕಾರಣ ಒಂದು ಕಾಗದ. ಅದೂ ಇದ್ದ ಕಾಗದವಲ್ಲ, ಇಲ್ಲದ ಕಾಗದ.

ಫಸ್ಟ್ ಬೆಂಚು ಎಂಬ ಅಡ್ಡಹೆಸರಿನ ನಮ್ಮ ಹುಡುಗ ಪರದೇಶಕ್ಕೆ ಓದಲು ಬಂದು ಹತ್ತೊಂಬತ್ತು ದಿನವಾಗಿತ್ತು. ತರಗತಿಗಳು ಶುರುವಾಗಿದ್ದವು. ಪ್ರೊಫೆಸರರ ಹಾಸ್ಯಕ್ಕೆ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಗುವುದೂ ರೂಢಿಯಾಗಿತ್ತು. ಆದರೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೆ ಅವನು ವಾಸವಿರುವ ವಿಳಾಸಕ್ಕೆ ದಾಖಲೆ ಬೇಕು. ಈವತ್ತು ಸಂಜೆ ಐದರೊಳಗೆ ಕೊಡದಿದ್ದರೆ ಸೀಟು ಕಾಯುತ್ತಿರುವ ಇನ್ನೊಬ್ಬನ ಪಾಲಾಗುತ್ತದೆ. ಬಂದ ದಾರಿಗೆ ಸುಂಕವಿಲ್ಲ ಅಂತ ಇವನು ವಿಮಾನ ಹತ್ತಬೇಕು.

ದಾಖಲೆ ಎಲ್ಲಿಂದ ತರುವುದು? ಬ್ಯಾಂಕಿನಿಂದ ಮನೆಗೆ ಒಂದು ಪತ್ರ ಬಂದಿದ್ದರೆ ಸಾಕಿತ್ತು. ಆದರೆ ಬ್ಯಾಂಕಿನವರು ಖಾತೆ ತೆರೆಯಲು ವಿದ್ಯಾರ್ಥಿ ಕಾರ್ಡು ಕೇಳಿದರು. ಕಾರ್ಡು ಕೊಡುವವರು ಮೊದಲು ಹೆಸರು ಕಾಯಂ ಆಗಲಿ ಎಂದರು. ಹೆಸರು ಕಾಯಂ ಮಾಡುವವರು ವಿಳಾಸದ ದಾಖಲೆ ಕೇಳಿದರು. ಗಾಣದ ಎತ್ತಿನ ಹಾಗೆ ಮೂರು ಕಚೇರಿ ಸುತ್ತಿದ್ದೇ ಬಂತು. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಎಲ್ಲವೂ ಹಿರಿಯ ರೂಮ್‌ಮೇಟಿನ ಹೆಸರಿನಲ್ಲಿದ್ದವು. ಮನೆ ಮಾಲೀಕನಿಂದ ಒಂದು ಚೀಟಿ ಬರೆಸೋಣವೆಂದರೆ ಆತ ಹಡಗಿನಲ್ಲಿ ಅಡುಗೆಯವ. ಮುಂದಿನ ತಿಂಗಳವರೆಗೂ ಅವನಿಗೆ ದಡವೇ ಇರಲಿಲ್ಲ.

ಬೆಳಿಗ್ಗೆ ಅಡುಗೆಮನೆಯ ಮೇಜಿನ ಸುತ್ತ ಸಭೆ ಸೇರಿತು. ಸಭೆಯೆಂದರೆ ಮನೆಯ ಮೂವರೇ. ಒಬ್ಬ ಆ ಹಿರಿಯ ರೂಮ್‌ಮೇಟ್, ಕುಲಪತಿ. ಏಳು ವರ್ಷದಿಂದ ಅಣಬೆಗಳ ಮೇಲೆ ಪಿಎಚ್‌ಡಿ ಮಾಡುತ್ತಾ, ಅಷ್ಟರಲ್ಲಿ ಮೂವರು ನಿಜವಾದ ಕುಲಪತಿಗಳನ್ನು ಮನೆಗೆ ಕಳಿಸಿದ್ದರಿಂದ ಅವನಿಗೆ ಆ ಹೆಸರು. ಇನ್ನೊಬ್ಬಳು ವಕೀಲಕ್ಕ. ಕಾನೂನು ಓದುವವಳು, ಹಾಲಿನ ಡಬ್ಬದ ಮೇಲಿನ ಸಣ್ಣಕ್ಷರ ಪೂರ್ತಿ ಓದದೆ ಕಾಫಿಗೆ ಹಾಲು ಬೆರೆಸಿದವಳಲ್ಲ. ಮೂರನೆಯವನು ನಮ್ಮ ಫಸ್ಟ್ ಬೆಂಚು. ಒಂದನೇ ಕ್ಲಾಸಿನಿಂದ ಮುಂದಿನ ಬೆಂಚು ಬಿಟ್ಟು ಕದಲದೆ, ಮೇಷ್ಟರಿಂದ ಒಂದೇ ಒಂದು ಏಟು ತಿನ್ನದೆ ಇಲ್ಲಿಯವರೆಗೆ ಬಂದ ಪುಣ್ಯಾತ್ಮ.

"ನಿಯಮ ಪೂರ್ತಿ ಓದಿದೆ ಕಣೋ," ಎಂದಳು ವಕೀಲಕ್ಕ. "'ಸರ್ಕಾರಿ ಇಲಾಖೆ ಕೊಟ್ಟ, ಹೆಸರು, ವಿಳಾಸ, ಮೊಹರು ಇರುವ ಯಾವುದೇ ಕಾಗದ' ಅಂತಿದೆ. ಗಮನಿಸು. ಯಾವುದೇ!"

"ಸರ್ಕಾರ ನಂಗ್ಯಾಕಕ್ಕ ಕಾಗದ ಕೊಡುತ್ತೆ? ಅದಕ್ಕೆ ನನ್ನ ಪರಿಚಯಾನೇ ಇಲ್ವಲ್ಲ."

ಕುಲಪತಿ ಬ್ರೆಡ್ಡಿಗೆ ಜಾಮ್ ಸವರುತ್ತಾ ತಲೆಯೆತ್ತದೆ ಹೇಳಿದ, "ಒಂದು ತಪ್ಪು ಮಾಡು. ತಕ್ಷಣ ಪರಿಚಯ ಆಗುತ್ತೆ."

"ಅಂದ್ರೆ?"

"ಟಿಕೆಟ್ ಇಲ್ದೆ ಬಸ್ ಹತ್ತು. ಪಾರ್ಕಲ್ಲಿ ಹುಲ್ಲು ತುಳಿ. ಹಿಡ್ಕೊಂಡ್ರೆ ಅಲ್ಲೇ ಮಿಷನ್ನಲ್ಲಿ ನೋಟಿಸ್ ಮುದ್ರಿಸಿ ಕೊಡ್ತಾರೆ. ಹೆಸರು, ವಿಳಾಸ, ಮೊಹರು ಎಲ್ಲಾ ಇರುತ್ತೆ. ಮೊದಲ ಸಲಕ್ಕೆ ದಂಡಾನೂ ಇಲ್ಲ, ಬರೀ ಎಚ್ಚರಿಕೆ. ಅಲ್ವಾ ವಕೀಲರೇ?"

"ಕಲಂ ಹದಿನಾಲ್ಕು," ಎಂದು ವಕೀಲಕ್ಕ ಒಪ್ಪಿಗೆ ಕೊಟ್ಟಳು.

ಫಸ್ಟ್ ಬೆಂಚಿನ ಮುಖ ಬಿಳುಚಿತು. "ಬೇಕೂಂತ ತಪ್ಪು ಮಾಡೋದಾ? ನಾನಾ?"

"ಸೀಟು ಬೇಕೋ ಬೇಡ್ವೋ?"

ಬೇಕಿತ್ತು. ಸೇತುವೆ ಕಟ್ಟುವ ವಿದ್ಯೆ ಕಲಿಯಬೇಕೆಂದು ಹೈಸ್ಕೂಲಿನಿಂದ ಆಸೆಪಟ್ಟವನು ಅವನು. ಇಲ್ಲಿಯ ಪ್ರಯೋಗಶಾಲೆಯಲ್ಲಿ ಮೊದಲ ದಿನ ಮೇಜಿನಷ್ಟುದ್ದದ ಸೇತುವೆಯೊಂದು ಭಾರ ಹೊತ್ತು ಬಾಗಿ, ಮತ್ತೆ ನೆಟ್ಟಗಾದದ್ದನ್ನು ಕಂಡಾಗ ಅವನಿಗೆ ಕಣ್ಣು ತುಂಬಿ ಬಂದಿತ್ತು. ಅಂಥದ್ದನ್ನು ಒಂದು ಕಾಗದ ಇಲ್ಲವೆಂದು ಬಿಟ್ಟು ಹೋಗುವುದು ಅವನಿಂದಾಗದ ಮಾತು. ಎದ್ದು, ಶರ್ಟು ಇಸ್ತ್ರಿ ಮಾಡಿ ತೊಟ್ಟು, ಪಾಸ್‌ಪೋರ್ಟು ಜೇಬಿಗೆ ಹಾಕಿಕೊಂಡು ತಪ್ಪು ಮಾಡಲು ಹೊರಟ.

ಹತ್ತು ಗಂಟೆಯ ಬಸ್ಸಿಗೆ ಹತ್ತಿದ. ಟಿಕೆಟ್ ಕೊಳ್ಳಲಿಲ್ಲ. ಸೀಟಿನ ತುದಿಯಲ್ಲಿ ಕೂತ. ಎರಡು ನಿಲ್ದಾಣ ದಾಟುವಷ್ಟರಲ್ಲಿ ತಪಾಸಣೆಯವನು ಹತ್ತಿದ. ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು ಎಂದು ಫಸ್ಟ್ ಬೆಂಚು ಎದ್ದು ನಿಂತು, ತರಗತಿಯಲ್ಲಿ ಉತ್ತರ ಹೇಳುವವನಂತೆ ಕೈಯೆತ್ತಿದ.

"ಸಾರ್, ನನ್ನ ಹತ್ರ ಟಿಕೆಟ್ ಇಲ್ಲ!"

ತಪಾಸಣೆಯವನು ಬಾಯಿ ತೆರೆಯುವ ಮೊದಲೇ ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಚೀಲದಿಂದ ಟಿಕೆಟ್ಟಿನ ಪಟ್ಟಿ ತೆಗೆದು, ಒಂದನ್ನು ಹರಿದು ಟಿಕೆಟ್ಟಿಗೆ ಗುರುತು ಒತ್ತುವ ಯಂತ್ರಕ್ಕೆ ತೂರಿಸಿಯೇ ಬಿಟ್ಟಳು. "ಪಾಪ, ಊರಿಗೆ ಹೊಸಬ. ಮುಖ ನೋಡಿದ್ರೇ ಗೊತ್ತಾಗಲ್ವಾ?" ಎಂದಳು. ಅವಳು ಹೇಳಿದ್ದು ಅವನಿಗೆ ಇನ್ನೂ ಅರೆಬರೆ ಬರುವ ಆ ಊರಿನ ಭಾಷೆಯಲ್ಲಿ. ಆದರೆ ಅಜ್ಜಿಯರ ಮಾತಿಗೆ ದುಭಾಷಿ ಬೇಕಾಗುವುದಿಲ್ಲ.

"ಬೇಡಮ್ಮ, ದಯವಿಟ್ಟು! ಅವರು ನಂಗೆ ನೋಟಿಸ್ ಕೊಡ್ಲಿ!"

"ನೋಡಿ ಎಂಥಾ ಸ್ವಾಭಿಮಾನ!" ಎಂದು ತಪಾಸಣೆಯವನು ಅವನ ಬೆನ್ನು ತಟ್ಟಿದ. ಬಸ್ಸಿನವರೆಲ್ಲ ಮೆಚ್ಚಿ ನೋಡಿದರು. ಅಜ್ಜಿ ವಾಪಸು ಬರುವುದಕ್ಕೆ ಇರಲಿ ಎಂದು ಇನ್ನೆರಡು ಟಿಕೆಟ್ ಹರಿದು ಅವನ ಜೇಬಿಗೆ ತುರುಕಿದಳು.

ದಾರಿ ಹುಡುಕುತ್ತಾ ಮಧ್ಯಾಹ್ನ ಮುಟ್ಟಿದ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಕಾಲಿಡಬಾರದೆಂಬ ಹಲಗೆ ಇತ್ತು. ಅವನು ಹಲಗೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹುಲ್ಲಿಗಿಳಿದ. ಬೂಟಿನಿಂದ ತುಳಿದರೆ ಹುಲ್ಲಿಗೆ ನೋವಲ್ಲವೇ! ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದ. ಐದನೇ ಸಲಕ್ಕೆ ತೋಟದವನು ದೂರದಿಂದ ಕೈ ಬೀಸುತ್ತಾ ಓಡಿ ಬಂದ. ಫಸ್ಟ್ ಬೆಂಚು ಪಾಸ್‌ಪೋರ್ಟು ತೆಗೆದು ಸಿದ್ಧನಾದ.

"ಸದ್ಯ, ಒಬ್ಬರಾದ್ರೂ ಸಿಕ್ಕಿದ್ರಲ್ಲ!" ಎಂದ ತೋಟದವನು ಏದುಸಿರು ಬಿಡುತ್ತಾ. "ನನ್ನ ಸಹಾಯಕ ಈವತ್ತು ರಜೆ. ಈ ಹಗ್ಗದ ತುದಿ ಹಿಡ್ಕೊಳ್ಳಿ. ಬಿಗಿಯಾಗಿ! ಹೂವಿನ ಪಾತಿ ಅಳೀಬೇಕು."

"ನಾನು ಹುಲ್ಲು ತುಳಿದೆ..."

"ಬರಿಗಾಲಲ್ಲಿ! ನೋಡಿದೆ. ಇಪ್ಪತ್ತು ವರ್ಷದಲ್ಲಿ ಹುಲ್ಲಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನ ನಾನು ಕಂಡಿಲ್ಲ. ಎಡಕ್ಕೆ, ಇನ್ನೂ ಎಡಕ್ಕೆ."

ಹೀಗೆ ಹಗ್ಗ ಹಿಡಿದು ನಿಂತಿದ್ದಾಗ ಊರಿನಿಂದ ಅಮ್ಮನ ಫೋನು ಬಂತು.

"ಏನ್ ಮಾಡ್ತಿದ್ದೀಯೋ ಕಂದಾ?"

"ಪಾರ್ಕಲ್ಲಿ ಹಗ್ಗ ಹಿಡ್ಕೊಂಡಿದ್ದೀನಮ್ಮ."

"ಓದೋಕೆ ಕಳಿಸಿದ್ರೆ ಹಗ್ಗ ಹಿಡಿಯೋ ಕೆಲಸಾನೇನೋ! ಇರ್ಲಿ, ಪರಸ್ಥಳ. ಯಾರ ಹತ್ರಾನೂ ಒಂದು ಮಾತು ಅನ್ನಿಸ್ಕೋಬೇಡಪ್ಪಾ."

"ಅದಕ್ಕೇ ಬೆಳಿಗ್ಗೆಯಿಂದ ಒದ್ದಾಡ್ತಿದ್ದೀನಮ್ಮ. ಯಾರೂ ಅಂತಾನೇ ಇಲ್ಲ!"

ಅಮ್ಮನಿಗೆ ಸಮಾಧಾನವಾಯಿತು. ಒಂದೂವರೆ ಗಂಟೆ ಹಗ್ಗ ಹಿಡಿಸಿಕೊಂಡ ತೋಟದವನು ಪ್ರೀತಿಯಿಂದ ಒಂದು ಹೂವಿನ ಕುಂಡ ಕೊಟ್ಟು, ದಿನಾ ಬರಬೇಕೆಂದು ಆಹ್ವಾನಿಸಿ ಬೀಳ್ಕೊಟ್ಟ.

ಕುಂಡ ತಬ್ಬಿಕೊಂಡು ಮನೆಗೆ ಬಂದಾಗ ಗಂಟೆ ಮೂರೂಮುಕ್ಕಾಲು. ಸಂಗತಿ ಕೇಳಿ ಕುಲಪತಿ ತಲೆ ಚಚ್ಚಿಕೊಂಡ. "ಒಂದು ತಪ್ಪು ಸರಿಯಾಗಿ ಮಾಡಕ್ಕೆ ಬರಲ್ವಲ್ಲೋ ನಿಂಗೆ!"

"ತಪ್ಪು ಮಾಡ್ತಾನೆ ಪಾಪ, ಮುಖ ಸಹಕರಿಸಲ್ಲ," ಎಂದಳು ವಕೀಲಕ್ಕ. "ನೀನು ಕುಲಪತಿಯ ಸೈಕಲ್ ತಗೊಂಡು ಫುಟ್‌ಪಾತ್ ಮೇಲೆ ಓಡಿಸು. ಸ್ಟೇಷನ್ ರಸ್ತೇಲಿ ಅಧಿಕಾರಿಗಳು ನಿಂತೇ ಇರ್ತಾರೆ. ಆ ಸೈಕಲ್ಲಿಗೆ ಬೆಲ್ಲೂ ಇಲ್ಲ, ಲೈಟೂ ಇಲ್ಲ. ಒಂದು ಏಟಿಗೆ ಮೂರು ಕಲಂ!"

ಅವಸರದಲ್ಲಿ ಕುಂಡವನ್ನು ಮನೆಯಲ್ಲಿಡುವುದೂ ಮರೆತು, ಅದನ್ನು ಸೈಕಲ್ಲಿನ ಬುಟ್ಟಿಯಲ್ಲೇ ಕೂರಿಸಿಕೊಂಡು ಅವನು ಹೊರಟ. ಫುಟ್‌ಪಾತಿನ ಮೇಲೆ ಓಡಿಸುತ್ತಾ, ಬೆಲ್ ಇಲ್ಲದ್ದಕ್ಕೆ "ದಾರಿ ಬಿಡಿ, ಕ್ಷಮಿಸಿ, ದಾರಿ ಬಿಡಿ" ಎಂದು ಕೂಗುತ್ತಾ ಸಾಗಿದ. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಸಮವಸ್ತ್ರದ ಅಧಿಕಾರಿಣಿ ಕೈ ಅಡ್ಡ ಹಿಡಿದಳು. ಅಮ್ಮನ ವಯಸ್ಸಿನವಳು, ಗಂಭೀರ ಮುಖ, ಸೊಂಟದಲ್ಲಿ ನೋಟಿಸ್ ಮುದ್ರಿಸುವ ಮಿಷನ್ನು. ಮಿಷನ್ನು ಕಂಡು ಅವನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

"ಫುಟ್‌ಪಾತ್ ಮೇಲೆ ಸೈಕಲ್ಲಾ?"

"ಹೌದು ಮೇಡಂ! ಬೆಲ್ಲೂ ಇಲ್ಲ, ಲೈಟೂ ಇಲ್ಲ. ಬರ್ಕೊಳ್ಳಿ."

"ಹೊಸಬರು ಅಂತ ಕಾಣುತ್ತೆ. ಸರಿ, ಈ ಸಲ ಹೋಗಿ. ಇನ್ನು ಮೇಲೆ ರಸ್ತೇಲಿ ಓಡಿಸಿ."

ಗಂಟೆ ನಾಲ್ಕೂ ಇಪ್ಪತ್ತು. ಫಸ್ಟ್ ಬೆಂಚಿಗೆ ಅಳುವೇ ಬಂತು. "ಹಾಗಂದ್ರೆ ಹೇಗೆ ಮೇಡಂ? ನಾನು ಒಳ್ಳೆಯವನಲ್ಲ. ಬೆಳಿಗ್ಗೆ ಟಿಕೆಟ್ ಇಲ್ದೆ ಬಸ್ ಹತ್ತಿದೆ. ಮಧ್ಯಾಹ್ನ ಹುಲ್ಲು ತುಳಿದೆ. ಈಗ ಇದು. ನೀವೂ ಬಿಟ್ಬಿಟ್ರೆ ನಾಳೆ ನಾನು ಏನು ಮಾಡ್ತೀನೋ ನಂಗೇ ಗೊತ್ತಿಲ್ಲ!"

ಆ ತಿರುವಿನಲ್ಲಿ ಎಷ್ಟೋ ವರ್ಷ ನಿಂತಿದ್ದ ಅಧಿಕಾರಿಣಿ ಸಾವಿರ ನೆಪ ಕೇಳಿದ್ದಳು. ತನ್ನ ಮೇಲೆ ತಾನೇ ಚಾಡಿ ಹೇಳುವವನನ್ನು ಕಂಡಿರಲಿಲ್ಲ. ಬೇರೆ ದಾರಿ ಕಾಣದೆ ಮಿಷನ್ನು ಕೈಗೆತ್ತಿಕೊಂಡಳು. ಹೆಸರು ಕೇಳಿದಳು, ಹೇಳಿದ. ವಿಳಾಸ ಕೇಳಿದಳು, ಮನೆ ಸಂಖ್ಯೆ, ಮಹಡಿ, ಬೀದಿ, ಅಂಚೆ ಸಂಖ್ಯೆಯನ್ನು ಮಗ್ಗಿಯ ಹಾಗೆ ಒಪ್ಪಿಸಿದ. ಮಿಷನ್ನು ಗುರ್ ಎಂದು ಕಾಗದ ಹೊರಹಾಕಿತು. ಮೇಲೆ ಇಲಾಖೆಯ ಮೊಹರು, ಕೆಳಗೆ ಅವನ ಹೆಸರು, ಅದರ ಕೆಳಗೆ ಅವನ ವಿಳಾಸ. ಈ ದೇಶದಲ್ಲಿ ಅವನು ಎಲ್ಲೋ ಒಂದು ಕಡೆ ನಿಜವಾಗಿ ವಾಸವಾಗಿದ್ದಾನೆಂದು ಸರ್ಕಾರವೇ ಹೇಳಿದ ಮೊದಲ ಮಾತು ಅದು.

ಕೈಗೆ ದೊಡ್ಡದೇನಾದರೂ ಬಂದಾಗ, ಕೊಟ್ಟವರು ಹಿರಿಯರಾಗಿದ್ದರೆ ಕಾಲು ಮುಟ್ಟಿ ನಮಸ್ಕರಿಸುವುದು ಅವನ ಮನೆಯ ರೂಢಿ. ಹಾಲ್ ಟಿಕೆಟ್ ಕೊಟ್ಟ ಗುಮಾಸ್ತರಿಗೂ ನಮಸ್ಕಾರ ಮಾಡಿದ್ದ ಹುಡುಗ ಅವನು. ಸಂತೋಷದಲ್ಲಿ ಊರು, ದೇಶ, ಭಾಷೆ ಎಲ್ಲ ಮರೆತುಹೋಯಿತು. ನಡುಬೀದಿಯಲ್ಲಿ ಅಧಿಕಾರಿಣಿಯ ಎರಡೂ ಬೂಟು ಹಿಡಿದು, "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ತಾಯೀ!" ಎಂದು ಅಪ್ಪಟ ಕನ್ನಡದಲ್ಲಿ ಹೇಳಿ, ಬೂಟಿನ ಮೇಲೆ ಹಣೆಯಿಟ್ಟ. ಕಣ್ಣಲ್ಲಿ ನೀರು ಧಾರಾಳವಾಗಿಯೇ ಬಂತು.

ಹೋಗಿಬರುವವರು ನಿಂತರು. ಯಾರೋ ಅಧಿಕಾರಿಣಿಯನ್ನು ಕೆಕ್ಕರಿಸಿ ನೋಡಿದರು. ಅವಳು ಗಾಬರಿಯಾಗಿ, "ಏಳಪ್ಪಾ, ಏಳು! ಇದೊಂದು ಕಾಗದ ಅಷ್ಟೇ!" ಎಂದು ಅವನನ್ನು ಎಬ್ಬಿಸಿದಳು. ಅವನ ಹಣೆಯ ಧೂಳನ್ನು ತಾನೇ ಒರೆಸಿದಳು. ಅವನು ಎದ್ದವನೇ ಕಾಗದವನ್ನು ಕಣ್ಣಿಗೊತ್ತಿಕೊಂಡು, ಸೈಕಲ್ಲು ತಳ್ಳಿಕೊಂಡು ಓಡಿದ.

ಕಚೇರಿ ಮುಟ್ಟಿದಾಗ ಐದಕ್ಕೆ ಎಂಟು ನಿಮಿಷವಿತ್ತು. ಒಂದು ಕೈಯಲ್ಲಿ ಕುಂಡ, ಇನ್ನೊಂದರಲ್ಲಿ ನೋಟಿಸು. ಗಾಜಿನ ಕಿಟಕಿಯ ಗುಮಾಸ್ತ ಕಂಪ್ಯೂಟರ್ ಮುಚ್ಚುವುದರಲ್ಲಿದ್ದ. ಕಾಗದ ತೆಗೆದುಕೊಂಡು ಓದಿದ. ಹುಬ್ಬು ಮೇಲೇರಿತು.

"ವಿಳಾಸದ ದಾಖಲೆಗೆ ಇದಾ?"

"ನಿಯಮದಲ್ಲಿ 'ಯಾವುದೇ ಕಾಗದ' ಅಂತಿದೆ ಸಾರ್."

"ಇದೆ, ಇದೆ. ನಡೆಯುತ್ತೆ. ಇಲಾಖೆ ಕಾಗದ, ಮೊಹರು, ವಿಳಾಸ. ಎಲ್ಲಾ ಸರಿಯಾಗಿದೆ." ಫಸ್ಟ್ ಬೆಂಚಿಗೆ ಎರಡು ರೆಕ್ಕೆ ಬಂದಂತಾಯಿತು. ಗುಮಾಸ್ತ ಕಾಗದದ ಸಂಖ್ಯೆಯನ್ನು ಕಂಪ್ಯೂಟರಿಗೆ ಒತ್ತಿದ. ಒತ್ತಿ, ಪರದೆ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಅಯ್ಯೋ, ಈ ನೋಟಿಸ್ ರದ್ದಾಗಿದೆಯಲ್ಲ. ಈಗ ಹನ್ನೆರಡು ನಿಮಿಷದ ಹಿಂದೆ. ರದ್ದಾದ ಕಾಗದ ನಡೆಯಲ್ಲ."

"ರದ್ದಾ? ಯಾರು ಮಾಡಿದ್ದು?"

"ಕೊಟ್ಟ ಅಧಿಕಾರೀನೇ. ಕಾರಣಾನೂ ಬರೆದಿದ್ದಾರೆ, ಕೇಳಿ: 'ಹುಡುಗ ಬೀದಿಯಲ್ಲಿ ಕಾಲಿಗೆ ಬಿದ್ದು, ಅತ್ತು, ತನ್ನ ಭಾಷೆಯಲ್ಲಿ ಕ್ಷಮೆ ಬೇಡಿಕೊಂಡ. ಇಷ್ಟು ಪಶ್ಚಾತ್ತಾಪ ಪಡುವವನಿಗೆ ನೋಟಿಸಿನ ಅಗತ್ಯವಿಲ್ಲ. ಇವನ ಮೇಲೆ ಯಾವ ದಾಖಲೆಯೂ ಇರಕೂಡದು.'"

ಫಸ್ಟ್ ಬೆಂಚು ಕುಂಡವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅದರ ಪಕ್ಕದಲ್ಲೇ ತಲೆಯಿಟ್ಟ. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿಕೊಂಡ. ಗುಮಾಸ್ತ ಮೊದಲು ನಗು ತಡೆದುಕೊಂಡ, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕ, ಕೊನೆಗೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಆ ಊರಿನಲ್ಲಿ ಕೆಟ್ಟವರೆಂಬುವರೇ ಇರಲಿಲ್ಲವೋ, ಇದ್ದರೂ ಈವತ್ತು ರಜೆಯಲ್ಲಿದ್ದರೋ ತಿಳಿಯದು.

"ಹೆದರ್ಬೇಡಿ. ಇನ್ನೂ ಐದು ಹೊಡೆದಿಲ್ಲ. ನನ್ನ ಅಧಿಕಾರದಲ್ಲಿ ಒಂದು ವಾರ ಗಡುವು ಮುಂದೆ ಹಾಕಬಹುದು. ಹಾಕಿದೆ, ನೋಡಿ."

ಫಸ್ಟ್ ಬೆಂಚು ತಟ್ಟನೆ ತಲೆಯೆತ್ತಿದ. ದಿನವಿಡೀ ತಪ್ಪು ಮಾಡಿ ಮಾಡಿ ಅವನ ಬುದ್ಧಿಯೂ ಸ್ವಲ್ಪ ಚುರುಕಾಗಿತ್ತು. "ಸಾರ್, ಗಡುವು ಮುಂದೆ ಹಾಕಿದ್ದಕ್ಕೆ ಕಾಗದ ಕೊಡ್ತೀರಾ?"

"ಕೊಡದೆ ಏನು? ಇದೂ ಸರ್ಕಾರಿ ವಿಶ್ವವಿದ್ಯಾಲಯಾನೇ."

"ನನ್ನ ಹೆಸರು ಇರುತ್ತಾ? ವಿಳಾಸ? ಮೊಹರು?"

"ಮೂರೂ ಇರುತ್ತೆ. ಅಂಚೇಲಿ ಮನೆಗೇ ಬರುತ್ತೆ."

"ಯಾವಾಗ ಕಳಿಸ್ತೀರಾ ಸಾರ್?"

"ತಡಾನೇ ಇಲ್ಲ," ಎಂದು ಗುಮಾಸ್ತ ಕಿಟಕಿಯ ಪರದೆ ಎಳೆಯುತ್ತಾ ಅಕ್ಕರೆಯಿಂದ ಹೇಳಿದ. "ನೀವು ವಿಳಾಸದ ದಾಖಲೆ ಕೊಟ್ಟ ಮಾರನೇ ದಿನಾನೇ."