ನೆಗೆಣ್ಣಿಯ ಓಟ, ನನ್ನ ಹೊಟ್ಟೆಕಿಚ್ಚು

ನಮ್ಮ ಮನೆಯಲ್ಲಿ ಯಾರೂ ಓಡದ ದಿನವಿಲ್ಲ. ಓಡಿದವರನ್ನು ಅತ್ತೆ ಯಾವುದಾದರೂ ಪ್ರಾಣಿಗೋ ಗಾಡಿಗೋ ಹೋಲಿಸದ ದಿನವೂ ಇಲ್ಲ. ಮಂಡ್ಯ ಕಡೆಯಿಂದ ಸೊಸೆಯಾಗಿ ಸೇಡಂಗೆ ಬಂದ ನಾನು ಈಗ ಅಜ್ಜಿಯಾಗಿದ್ದೇನೆ. ತೊಂಬತ್ತು ದಾಟಿದ ಅತ್ತೆಯ ನಾಲಿಗೆಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಚಿಮ್ಮನಚೋಡದ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅವರ ಬಾಯಲ್ಲಿ ‘ಚಿಗರಿ’, ಜಿಂಕೆ. ನಾನು ‘ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿ’. ಅವಳಿಗೆ ದಿನಕ್ಕೊಂದು ಶಾಬಾಸ್. ನನಗೆ ಇಷ್ಟು ವರ್ಷದಲ್ಲಿ ಒಂದೂ ಇಲ್ಲ. ಅದೊಂದನ್ನು ಅವರ ಬಾಯಿಂದ ಕೇಳಲೇಬೇಕೆಂಬುದು ನನ್ನ ಹಟ.

ಬಸ್ಸು

ಹೆಂಗಸರಿಗೆ ಬಸ್ ಪುಕ್ಕಟೆಯಾದ ಮೇಲೆ ಸೀಟು ಬೇಕಾದರೆ, ಬಸ್ ನಿಲ್ಲುವ ಮೊದಲೇ ಅದರ ಜೊತೆ ಓಡಿ ಕಿಟಕಿಯಿಂದ ಟವೆಲ್ ಎಸೆಯಬೇಕು. ಚಿಂಚೋಳಿ ಬಸ್ಸಿಗೆ ನಾನೂ ಓಡಿ ನನ್ನ ಶಾಲು ಎಸೆದೆ. ನೂಕುನುಗ್ಗಲಲ್ಲಿ ಒಳಗೆ ಸೇರಿ ನೋಡಿದರೆ ನೆಗೆಣ್ಣಿ ಆಗಲೇ ಅದರ ಮೇಲೆ ಕೂತಿದ್ದಾಳೆ.

“ಭಾಳ ಮೆತ್ತಗದ ಅಕ್ಕಾ. ಯಾರೋ ಪುಣ್ಯಾತ್ಗಿತ್ತಿ ಹಾಸಿ ಹೋಗ್ಯಾಳ!”

ನಾಯಿ

ಶಹಾಬಾದಿನಲ್ಲಿ ಮದುವೆ ಊಟ ಮುಗಿಸಿ ಹೊರಟಾಗ ಓಣಿಯ ನಾಯಿಯೊಂದು ನಮ್ಮಿಬ್ಬರ ಬೆನ್ನು ಹತ್ತಿತು. ನೆಗೆಣ್ಣಿ ಸೀರೆ ಎತ್ತಿ ಕಟ್ಟಿ ಓಡಿದಳು. ಹಿಂದೆ ನಾನು. ನಾಯಿ ನನ್ನನ್ನೊಮ್ಮೆ ನೋಡಿ, ಪಕ್ಕದಿಂದ ದಾಟಿ, ಅವಳ ಹಿಂದೆಯೇ ಹೋಯಿತು. ಕಚ್ಚಲಿಲ್ಲವೆಂದು ಖುಷಿಪಡಬೇಕಿತ್ತು, ನನಗೆ ಅವಮಾನವಾಯಿತು. ಮನೆಗೆ ಬಂದು ಹೇಳಿದರೆ ಅತ್ತೆ ಅಂದರು:

“ನಾಯೀದೇನ್ ತಪ್ಪದ? ಓಡೋ ಗಾಡಿ ಬೆನ್ನ ಹತ್ತೋದು ಅದರ ಚಾಳಿ. ನಿಂತ ಗಾಡಿ ಬೆನ್ನ ಯಾವ ನಾಯಿ ಹತ್ತತದವ್ವ?”

ಎಮ್ಮೆ

ಕಳೆದ ವರ್ಷ ಯಾರದೋ ಮೆರವಣಿಗೆಯ ಪಟಾಕಿಗೆ ಬೆದರಿ ನಮ್ಮ ಎಮ್ಮೆ ಗೂಟ ಕಿತ್ತು ಓಡಿತು. ಚಿಗರಿಯಂತೆ ಜಿಗಿದ ನೆಗೆಣ್ಣಿ ಓಣಿಯ ತಿರುವಿನಲ್ಲೇ ಏದುಸಿರು ಬಿಡುತ್ತ ಕುಸಿದು ಕೂತಳು. ಮೈದುನನ ಸ್ಕೂಟಿ ಹೊಲದ ಕೆಸರಿನಲ್ಲಿ ಹೂತಿತು. ನಾನು ನಡೆದೆ. ಎಮ್ಮೆ ಮೇಯಲು ನಿಲ್ಲುವುದು, ನಾನು ಹತ್ತಿರವಾಗುವುದು, ಅದು ಮತ್ತೆ ಓಡುವುದು. ಕಾಳಗಿ ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎಮ್ಮೆಗೇ ಸಾಕಾಗಿ ಕಾಲು ಮಡಚಿ ಮಲಗಿತು. ನನಗಿನ್ನೂ ಸಾಕಾಗಿರಲಿಲ್ಲ. ಹಗ್ಗ ಹಿಡಿದು ಕರೆತಂದೆ.

ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ನೆಗೆಣ್ಣಿಯ ಮುಖ ಸಣ್ಣದಾಗಿತ್ತು. ಅತ್ತೆ ಕೋಲೂರಿ ಎದ್ದು ಬಂದು ಕೈ ಎತ್ತಿದರು. ನಾನು ತಲೆ ಬಗ್ಗಿಸಿದೆ. ಕೈ ನನ್ನ ತಲೆಯ ಮೇಲಿನಿಂದ ದಾಟಿ ಎಮ್ಮೆಯ ಹಣೆಗೆ ಹೋಯಿತು.

“ಶಾಬಾಸ್ ನನ್ನವ್ವ! ನಮ್ಮ ದೊಡ್ಡ ಸೊಸಿ ಸಂಗಟ ಅಷ್ಟು ದೂರದಿಂದ ನಡಕೋತ ಬಂದೀಯಲ್ಲ, ನಿನ್ನ ತಾಳ್ಮಿ ಭಾಳ ದೊಡ್ಡದು!”

ಆ ಸಂಜೆ ಎಮ್ಮೆಗೆ ಹಿಂಡಿ ಇಡಲು ನಾನು ಏಳಲೇ ಇಲ್ಲ.